ಆಟದಲ್ಲಿ ಮಗು ಹೇಳುವ ಮಾತು



ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಮಕ್ಕಳ ವಿಷಯ ಬಂದೇ ಬರುತ್ತದೆ. "ಮಗು ಮಂಕಾಗಿದೆ", "ದೊಡ್ಡವನಾದ್ರೂ ಹಾಸಿಗೆ ಒದ್ದೆ ಮಾಡ್ಕೊಳ್ತಾನೆ", "ಸಣ್ಣದಕ್ಕೂ ಹೊಡೆಯೋಕೆ ಬರ್ತಾನೆ". ಮನೆಯಲ್ಲಿ ಸಾವು, ಕುಡಿತದ ಜಗಳ ಕಂಡ ಮಗುವನ್ನು ಕೂರಿಸಿಕೊಂಡು "ಏನಾಯ್ತು ಹೇಳು" ಅಂದರೆ ಅದು ಹೇಳುವುದಿಲ್ಲ. ಐದಾರು ವರ್ಷದ ಮಗುವಿಗೆ ತನ್ನ ಭಯವನ್ನು ಹೇಳಲು ಪದಗಳೇ ಇರುವುದಿಲ್ಲ. ಗೊಂಬೆ ಕೊಟ್ಟು ನೋಡಿ. ಅಪ್ಪ ಗೊಂಬೆ ಅಮ್ಮ ಗೊಂಬೆಗೆ ಹೊಡೆಯುತ್ತದೆ, ಮರಿ ಗೊಂಬೆ ಮಂಚದ ಕೆಳಗೆ ಅಡಗುತ್ತದೆ.

ಇದನ್ನೇ ಆಧಾರ ಮಾಡಿಕೊಂಡು ತರಬೇತಿ ಪಡೆದವರು ನಡೆಸುವುದು ಪ್ಲೇ ಥೆರಪಿ, ಅಂದರೆ ಆಟದ ಚಿಕಿತ್ಸೆ. ನಿಜವಾದ ಜಗಳದ ದಿನ ಮಗುವಿನ ಕೈಯಲ್ಲಿ ಏನೂ ಇರಲಿಲ್ಲ. ಆಟದಲ್ಲಿ ಎಲ್ಲವೂ ಅದರ ಕೈಯಲ್ಲೇ. ಅದನ್ನೇ ಮತ್ತೆ ಮತ್ತೆ ಆಡುತ್ತಾ ಭಯ ಸ್ವಲ್ಪ ಸ್ವಲ್ಪ ಕರಗುತ್ತದೆ. ಒಂದು ದಿನ ಮರಿ ಗೊಂಬೆ ಮಂಚದಡಿಯಿಂದ ಹೊರಗೆ ಬಂದು ಅಜ್ಜಿಯನ್ನು ಕರೆಯಲೂಬಹುದು. "ಥೂ, ಇಂಥ ಕೆಟ್ಟ ಆಟ ಬೇಡ" ಅಂತ ನಾವು ಗದರಿದರೆ ಆ ಬಾಗಿಲು ಮುಚ್ಚಿತು.

2004ರ ಡಿಸೆಂಬರ್ 26ರ ಸುನಾಮಿಯ ನಂತರ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರು ಕರಾವಳಿಯ ಊರುಗಳಲ್ಲಿ ಸಾಮಾನ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟರು. ಚಿತ್ರ, ಕಥೆ, ಆಟದ ಮೂಲಕ ಮಕ್ಕಳ ದುಃಖ ಹೊರಬರಲು ದಾರಿ ಮಾಡಿದರು. ಅವರೆಲ್ಲ ಡಾಕ್ಟರುಗಳಲ್ಲ ಎಂಬುದನ್ನು ಗಮನಿಸಿ.

ಸಂಜಯನಗರ, ಗೆದ್ದಲಹಳ್ಳಿ, ಭೂಪಸಂದ್ರದ ಒಂದು ರೂಮಿನ ಮನೆಯಲ್ಲಿ ಜಾಗ ಎಲ್ಲಿದೆ ಅಂತೀರಾ? ಒಂದು ಚಾಪೆ ಸಾಕು. ಚೀಲದಲ್ಲಿ ಬಟ್ಟೆ ಗೊಂಬೆ, ಬಣ್ಣದ ಕಡ್ಡಿ, ಜೇಡಿಮಣ್ಣು, ಹಳೇ ಪಾತ್ರೆ ಇಡಿ. ಮಣ್ಣಿಲ್ಲದಿದ್ದರೆ ಚಪಾತಿ ಹಿಟ್ಟಾದರೂ ಆಯ್ತು. ವಾರಕ್ಕೊಮ್ಮೆ ಅರ್ಧ ಗಂಟೆ, ಟಿ.ವಿ., ಮೊಬೈಲ್ ಆಫ್ ಮಾಡಿ ಪಕ್ಕದಲ್ಲಿ ಕುಳಿತುಕೊಳ್ಳಿ. ಏನು ಆಡಬೇಕೆಂದು ಮಗುವೇ ಹೇಳಲಿ. ಪಾಠ ಮಾಡಬೇಡಿ, ತಿದ್ದಬೇಡಿ. (ನಮಗೆ ಇದೇ ಎಲ್ಲಕ್ಕಿಂತ ಕಷ್ಟ!) "ಮರಿ ಗೊಂಬೆಗೆ ತುಂಬಾ ಭಯ ಆಗಿದೆ ಅಲ್ವಾ" ಅಂದರೆ ಸಾಕು. ಗೊಂಬೆಗೆ ಹೊಡೆದರೆ ಹೊಡೆಯಲಿ, ತಂಗಿಗೆ ಹೊಡೆಯುವ ಹಾಗಿಲ್ಲ.

ಇದು ಚಿಕಿತ್ಸೆಗೆ ಬದಲಿ ಅಲ್ಲ. ವಾರಗಟ್ಟಲೆ ಒಂದೇ ಆಟ, ಆಡಿದ ಮೇಲೂ ನಡುಕ, ಊಟ-ಸ್ಕೂಲು ಬೇಡ ಅನ್ನುವುದು, ತನಗೆ ತಾನೇ ಗಾಯ ಮಾಡಿಕೊಳ್ಳುವುದು ಕಂಡರೆ ತಡಮಾಡಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗ ಇದೆ. ಅಷ್ಟು ದೂರ ಹೋಗುವ ಮುಂಚೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಇದು, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಯಾರೋ ಮೈ ಮುಟ್ಟಿದ ವಿಷಯವನ್ನು ಮಗು ಹೇಳಿದರೆ ಕೆದಕಿ ಕೆದಕಿ ಕೇಳಬೇಡಿ. "ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪಲ್ಲ" ಅಂತ ಹೇಳಿ 1098ಕ್ಕೆ ಅಥವಾ ಪೊಲೀಸರಿಗೆ ತಿಳಿಸಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ, ಮಾಡಿದವನು ಮನೆಯವನೇ ಆಗಿದ್ದರೂ ತಿಳಿಸಲೇಬೇಕು.