ಶಾಲೆಯ ಮೈದಾನ: ಹಣ ಯಾರದು, ಆಟ ಯಾರದು?

ನಿಮ್ಮ ಮಗಳು ಕಲಿಯುವ ಶಾಲೆಯ ಆಟದ ಮೈದಾನವನ್ನು ನೀವು ಕೊನೆಯ ಸಲ ಸರಿಯಾಗಿ ನೋಡಿದ್ದು ಯಾವಾಗ? ಸ್ವಾತಂತ್ರ್ಯ ದಿನದ ಧ್ವಜಾರೋಹಣಕ್ಕೆ ಹೋದಾಗ ಅದರ ಅಂಚಿನಲ್ಲಿ ನಿಂತಿರಬಹುದು. ವಾರ್ಷಿಕೋತ್ಸವದ ರಾತ್ರಿ ಅಲ್ಲಿ ಹಾಕಿದ ಕುರ್ಚಿಯಲ್ಲಿ ಕುಳಿತಿರಬಹುದು. ಆದರೆ ಅಲ್ಲಿ ನಿಮ್ಮ ಮಗಳು ಓಡಿದ್ದನ್ನು ಕಂಡಿದ್ದೀರಾ? ಅವಳ ಆಟಕ್ಕೆಂದು ವರ್ಷಕ್ಕೆ ಎಷ್ಟು ಹಣ ಬರುತ್ತದೆ, ಅದು ಎಲ್ಲಿಂದ ಬರುತ್ತದೆ ಎಂದು ಯಾರನ್ನಾದರೂ ಕೇಳಿದ್ದೀರಾ?

ಇಲ್ಲವೆಂದಾದರೆ ಬೇಸರಿಸಬೇಡಿ, ನಮ್ಮಲ್ಲಿ ಹೆಚ್ಚಿನವರು ಕೇಳುವುದಿಲ್ಲ. ಪುಸ್ತಕ ಬಂತೇ, ಬಿಸಿಯೂಟ ಸರಿಯಿದೆಯೇ, ಟೀಚರ್ ರಜೆಯಲ್ಲಿದ್ದಾರೆಯೇ ಎಂದೆಲ್ಲ ವಿಚಾರಿಸುವ ನಾವು, ಆಟದ ವಿಷಯ ಬಂದಾಗ ಅದು ಗಂಡುಮಕ್ಕಳ ಮತ್ತು ಪಿ.ಟಿ. ಮಾಸ್ಟ್ರ ವ್ಯವಹಾರ ಎಂದು ಬಿಟ್ಟುಬಿಡುತ್ತೇವೆ. ಆದರೆ ಶಾಲೆಯ ಹಣ ಆಟಕ್ಕೆ ಹೇಗೆ ಖರ್ಚಾಗಬೇಕು, ಅದರಲ್ಲಿ ನ್ಯಾಯ ಯಾವುದು ಎಂಬ ಪ್ರಶ್ನೆಯನ್ನು ಅಮೆರಿಕದ ಹೆತ್ತವರು ನ್ಯಾಯಾಲಯದವರೆಗೂ ಮತಪೆಟ್ಟಿಗೆಯವರೆಗೂ ಒಯ್ದಿದ್ದಾರೆ. ನಮಗೂ ಅವರಿಗೂ ಏನು ಸಂಬಂಧ ಎನ್ನಬೇಡಿ. ಅವರ ಕಥೆಯನ್ನು ಸ್ವಲ್ಪ ತಿಳಿದುಕೊಂಡರೆ ನಮ್ಮೂರ ಶಾಲೆಯ ಮೈದಾನವೂ ಬೇರೆಯಾಗಿ ಕಾಣತೊಡಗುತ್ತದೆ.

ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದ ಉತ್ತರಕ್ಕೆ ಅಲೆನ್ ಎಂಬ ಊರಿದೆ. 2012ರ ಆಗಸ್ಟ್‌ನಲ್ಲಿ ಅಲ್ಲಿ 18 ಸಾವಿರ ಮಂದಿ ಕುಳಿತು ನೋಡಬಹುದಾದ ಕ್ರೀಡಾಂಗಣವೊಂದು ಆರಂಭವಾಯಿತು. ಖರ್ಚು ಸುಮಾರು 6 ಕೋಟಿ ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಮುನ್ನೂರು ಕೋಟಿ ರೂಪಾಯಿಗೂ ಮಿಕ್ಕಿ. ಯಾವುದೋ ದೇಶದ ತಂಡಕ್ಕಾಗಿ ಕಟ್ಟಿದ್ದಲ್ಲ ಇದು. ಒಂದು ಸರಕಾರಿ ಹೈಸ್ಕೂಲಿನ ಫುಟ್ಬಾಲ್ ತಂಡಕ್ಕಾಗಿ! ಫುಟ್ಬಾಲ್ ಎಂದರೆ ನಮ್ಮ ಮಕ್ಕಳು ಗದ್ದೆಯಲ್ಲಿ ಆಡುವ ಕಾಲ್ಚೆಂಡಲ್ಲ. ಸಿಪ್ಪೆ ತೆಗೆಯದ ತೆಂಗಿನಕಾಯಿಯಂತಹ ಚೆಂಡನ್ನು ಎದೆಗವಚಿಕೊಂಡು, ತಲೆಗೆ ಹೆಲ್ಮೆಟ್ ಹಾಕಿ, ಒಬ್ಬರ ಮೇಲೊಬ್ಬರು ಬಿದ್ದು ಆಡುವ ಆಟ. ಶುಕ್ರವಾರ ರಾತ್ರಿ ಆ ಆಟ ನೋಡಲು ಟೆಕ್ಸಾಸಿನ ಊರಿಗೆ ಊರೇ ಸೇರುತ್ತದೆ.

ಎರಡು ವರ್ಷವೂ ಕಳೆಯಲಿಲ್ಲ. 2014ರ ಫೆಬ್ರವರಿಯಲ್ಲಿ ಕಾಂಕ್ರೀಟಿನಲ್ಲಿ ಬಿರುಕು ಕಾಣಿಸಿಕೊಂಡಿದೆಯೆಂದು ಕ್ರೀಡಾಂಗಣವನ್ನೇ ಮುಚ್ಚಿದರು. ಆ ಹಂಗಾಮು ಪೂರ್ತಿ ತಂಡ ಬೇರೆ ಊರುಗಳಿಗೆ ಹೋಗಿ ಆಡಿತು. ದುರಸ್ತಿಯಾಗಿ ಬಾಗಿಲು ತೆರೆದದ್ದು 2015ರಲ್ಲಿ. ಸುದ್ದಿ ಕೇಳಿ ನಕ್ಕವರು ಬಹಳ. ಆದರೆ ನಗುವುದಕ್ಕೆ ಮುಂಚೆ ಒಂದು ಮಾತು: ಆ ಹಣವನ್ನು ಯಾರೂ ಕದ್ದದ್ದಲ್ಲ. 2009ರಲ್ಲಿ ಊರಿನವರೇ ಮತ ಹಾಕಿ, ಕ್ರೀಡಾಂಗಣವೂ ಸೇರಿದಂತೆ 11 ಕೋಟಿ 90 ಲಕ್ಷ ಡಾಲರಿನ ಸಾಲಕ್ಕೆ ಒಪ್ಪಿಗೆ ಕೊಟ್ಟಿದ್ದರು. ತಮ್ಮ ಮನೆ ತೆರಿಗೆಯಿಂದ ತಾವೇ ತೀರಿಸುತ್ತೇವೆ ಎಂದಿದ್ದರು.

ಅವರ ಹಣ, ಅವರ ಇಷ್ಟ ಎನ್ನುತ್ತೀರಾ? ನ್ಯಾಯದ ಪ್ರಶ್ನೆ ಹುಟ್ಟುವುದೇ ಇಲ್ಲಿ. ಅಮೆರಿಕದಲ್ಲಿ ಸರಕಾರಿ ಶಾಲೆ ನಡೆಯುವ ಹಣದಲ್ಲಿ ದೊಡ್ಡ ಪಾಲು ಬರುವುದು ಆಯಾ ಊರಿನ ಮನೆ, ಜಮೀನು, ಅಂಗಡಿ, ಕಾರ್ಖಾನೆಗಳ ಮೇಲಿನ ತೆರಿಗೆಯಿಂದ. ಬಂಗಲೆಗಳಿರುವ ಊರಿನ ಶಾಲೆಗೆ ಬಂಗಲೆಯ ತೆರಿಗೆ, ಜೋಪಡಿಗಳಿರುವ ಊರಿನ ಶಾಲೆಗೆ ಜೋಪಡಿಯ ತೆರಿಗೆ. ರಾಜ್ಯ ಸರಕಾರ ಮೇಲಿನಿಂದ ಒಂದಿಷ್ಟು ತುಂಬಿಸಿದರೂ ಹೊಂಡ ಪೂರ್ತಿ ಮುಚ್ಚುವುದಿಲ್ಲ.

ಇದನ್ನು ಮೊದಲು ದೊಡ್ಡದಾಗಿ ಪ್ರಶ್ನಿಸಿದವರಲ್ಲಿ ಒಬ್ಬರು ದೆಮೆತ್ರಿಯೊ ರೊಡ್ರಿಗೆಸ್. ಅವರು ವಕೀಲರಲ್ಲ, ನಾಯಕರಲ್ಲ. ಟೆಕ್ಸಾಸಿನ ಸಾನ್ ಆಂಟೋನಿಯೊ ನಗರದ ವಾಯುನೆಲೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ಒಬ್ಬ ತಂದೆ. ಅವರ ಮಕ್ಕಳು ಎಜ್‌ವುಡ್ ಎಂಬ ಬಡ ಪ್ರದೇಶದ ಶಾಲೆಗೆ ಹೋಗುತ್ತಿದ್ದರು. 1968ರ ಮೇ ತಿಂಗಳಲ್ಲಿ ಅಲ್ಲಿನ ಹೈಸ್ಕೂಲಿನ ನೂರಾರು ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ಅದೇ ವರ್ಷ ರೊಡ್ರಿಗೆಸ್ ಮತ್ತು ಇತರ ಹೆತ್ತವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು.

ನ್ಯಾಯಾಲಯದ ಮುಂದೆ ಬಂದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಓದಿ. ಎಜ್‌ವುಡ್‌ನ ಜನ ತಮ್ಮ ಆಸ್ತಿಯ ಪ್ರತಿ ನೂರು ಡಾಲರ್ ಬೆಲೆಗೆ 1.05 ಡಾಲರ್ ತೆರಿಗೆ ಕೊಡುತ್ತಿದ್ದರು. ಅದೇ ನಗರದ ಸಿರಿವಂತ ಪ್ರದೇಶವಾದ ಅಲಮೊ ಹೈಟ್ಸ್‌ನವರು ಕೊಡುತ್ತಿದ್ದುದು 85 ಸೆಂಟ್ ಮಾತ್ರ. ಹೆಚ್ಚಿನ ದರದಲ್ಲಿ ಕೊಟ್ಟವರು ಬಡವರೇ. ಆದರೂ ಎಜ್‌ವುಡ್‌ನಲ್ಲಿ ಒಂದು ಮಗುವಿಗೆ ಸಿಕ್ಕಿದ್ದು 26 ಡಾಲರ್, ಅಲಮೊ ಹೈಟ್ಸ್‌ನಲ್ಲಿ 333 ಡಾಲರ್! ಹತ್ತು ತೆಂಗಿನಮರ ಇರುವವಳು ಎಂಟು ಕಾಯಿಗೆ ಒಂದರಂತೆ ಕೊಟ್ಟರೂ, ಸಾವಿರ ಮರ ಇರುವವಳು ಹತ್ತಕ್ಕೆ ಒಂದರಂತೆ ಕೊಟ್ಟ ರಾಶಿಯ ಮುಂದೆ ಅದು ಕಾಣಿಸೀತೇ? ರಾಜ್ಯ ಮತ್ತು ಕೇಂದ್ರದ ಹಣ ಸೇರಿದ ಮೇಲೂ ಒಂದು ಕಡೆ 356, ಇನ್ನೊಂದು ಕಡೆ 594 ಡಾಲರ್.

ಕೆಳಗಿನ ನ್ಯಾಯಾಲಯ ಹೆತ್ತವರ ಪರ ನಿಂತಿತು. ಆದರೆ 1973ರ ಮಾರ್ಚ್ 21ರಂದು ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಶಿಕ್ಷಣ ಎಂಬುದು ಆ ದೇಶದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದಿತು! ನಮ್ಮ ಸಂವಿಧಾನದಲ್ಲಿ 2002ರ ತಿದ್ದುಪಡಿಯ ನಂತರ 6ರಿಂದ 14 ವರ್ಷದ ಮಕ್ಕಳಿಗೆ ಅದು ಮೂಲಭೂತ ಹಕ್ಕು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಿ. ಎಜ್‌ವುಡ್‌ನವರು ಬಿಡಲಿಲ್ಲ. ಟೆಕ್ಸಾಸ್ ರಾಜ್ಯದ ಸಂವಿಧಾನವನ್ನು ಹಿಡಿದು ಮತ್ತೆ ಹೋರಾಡಿ, 1989ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಮಗ ಶಾಲೆ ಬಿಟ್ಟು ದುಡಿಯುವಷ್ಟು ದೊಡ್ಡವನಾಗುವ ಕಾಲ ಅದು. 1993ರಿಂದ ಸಿರಿವಂತ ಊರುಗಳ ಶಾಲಾ ತೆರಿಗೆಯ ಒಂದು ಭಾಗ ರಾಜ್ಯದ ಮೂಲಕ ಬೇರೆಡೆಗೆ ಹಂಚಿಕೆಯಾಗತೊಡಗಿತು.

ಹಾಗಾದರೆ ಸಿರಿವಂತರ ಊರಲ್ಲಿ ಅಷ್ಟು ದೊಡ್ಡ ಕ್ರೀಡಾಂಗಣ ಎದ್ದದ್ದು ಹೇಗೆ? ಅಲ್ಲಿ ಶಾಲೆಗೆ ಎರಡು ಚೀಲಗಳಿವೆ. ಒಂದು ದಿನನಿತ್ಯದ ಚೀಲ. ಶಿಕ್ಷಕರ ಸಂಬಳ, ಕರೆಂಟ್ ಬಿಲ್ಲು, ಬಸ್ಸು ಎಲ್ಲ ಅದರಿಂದ. ಇನ್ನೊಂದು, ಕಟ್ಟಡಕ್ಕಾಗಿ ಮಾಡಿದ ಸಾಲ ತೀರಿಸುವ ಚೀಲ. ಬಡವರಿಗೆ ಹಂಚುವ ನಿಯಮ ಮೊದಲ ಚೀಲಕ್ಕೆ ಮಾತ್ರ, ಎರಡನೆಯದನ್ನು ಯಾರೂ ಮುಟ್ಟುವಂತಿಲ್ಲ. “ಕ್ರೀಡಾಂಗಣದ ಬದಲು ಶಿಕ್ಷಕರಿಗೆ ಸಂಬಳ ಹೆಚ್ಚಿಸಬಾರದಿತ್ತೇ?” ಎಂದು ಯಾರಾದರೂ ಕೇಳಿದರೆ, “ಸಾಲದ ಹಣದಿಂದ ಸಂಬಳ ಕೊಡಲು ಕಾನೂನು ಬಿಡುವುದಿಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಉತ್ತರ ಸುಳ್ಳಲ್ಲ. ಆದರೆ ಕಟ್ಟಿದ ಮೇಲೆ ಅದರ ದೀಪ, ನೀರು, ಕಾವಲುಗಾರನ ಖರ್ಚು ಬರುವುದು ಯಾವ ಚೀಲದಿಂದ ಹೇಳಿ? ದೊಡ್ಡ ಮನೆ ಕಟ್ಟಿಸಿ ಗುಡಿಸಲು ಆಳು ಇಟ್ಟುಕೊಳ್ಳುವ ಗೃಹಿಣಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಉಪಾಯವನ್ನೂ ನೋಡಿ. ಹ್ಯೂಸ್ಟನ್ ಬಳಿಯ ಕೇಟಿ ಎಂಬಲ್ಲಿ 2013ರಲ್ಲಿ, ಮುಖ್ಯವಾಗಿ ಹೊಸ ಕ್ರೀಡಾಂಗಣಕ್ಕೆಂದೇ ಸಾಲ ಕೇಳಿದಾಗ ಜನ ಬೇಡ ಎಂದರು. ಮರುವರ್ಷ 74 ಕೋಟಿ 80 ಲಕ್ಷ ಡಾಲರಿನ ದೊಡ್ಡ ಪಟ್ಟಿ ಬಂತು. ಹೊಸ ಶಾಲೆಗಳ ಜೊತೆಗೆ ಕ್ರೀಡಾಂಗಣವೂ ಅದರೊಳಗೆ ಕುಳಿತಿತ್ತು. ಈ ಸಲ ಜನ ಒಪ್ಪಿದರು. ಹೊಸ ತರಗತಿ ಬೇಡವೆನ್ನಲು ಯಾವ ತಾಯಿಗೆ ಮನಸ್ಸು ಬಂದೀತು? 2017ರಲ್ಲಿ ಕ್ರೀಡಾಂಗಣ ತೆರೆಯಿತು, ಖರ್ಚು ಸುಮಾರು 7 ಕೋಟಿ ಡಾಲರ್.

2019ರಲ್ಲಿ ಟೆಕ್ಸಾಸ್ ಒಂದು ಒಳ್ಳೆಯ ನಿಯಮ ತಂದಿತು. ಸಾವಿರಕ್ಕಿಂತ ಹೆಚ್ಚು ಜನ ಕೂರುವ ಕ್ರೀಡಾಂಗಣ ಬೇಕಾದರೆ ಅದನ್ನು ಮತಪತ್ರದಲ್ಲಿ ಪ್ರತ್ಯೇಕ ಪ್ರಶ್ನೆಯಾಗಿಯೇ ಕೇಳಬೇಕು, ಶಾಲಾ ಕಟ್ಟಡದ ಜೊತೆ ಪೊಟ್ಟಣ ಕಟ್ಟುವಂತಿಲ್ಲ. 2023ರ ನವೆಂಬರಿನಲ್ಲಿ ಡಲ್ಲಾಸ್ ಬಳಿಯ ಪ್ರಾಸ್ಪರ್ ಎಂಬಲ್ಲಿ ಇದರ ಪರಿಣಾಮ ಕಾಣಿಸಿತು. ಹೊಸ ಶಾಲೆಗಳಿಗಾಗಿ ಕೇಳಿದ ಭಾರೀ ಸಾಲಕ್ಕೆ ಮತದಾರರು ಹೂಂ ಎಂದರು. 9 ಕೋಟಿ 40 ಲಕ್ಷ ಡಾಲರಿನ ಕ್ರೀಡಾಂಗಣಕ್ಕೆ ಊಹೂಂ ಎಂದರು. ಬಿಡಿಬಿಡಿಯಾಗಿ ಕೇಳಿದ್ದಕ್ಕೆ ಜನರೂ ಬಿಡಿಬಿಡಿಯಾಗಿ ಉತ್ತರಿಸಿದರು, ಅಷ್ಟೇ.

ಇಷ್ಟು ಓದಿ “ಆಟಕ್ಕೆ ಹಣ ಸುರಿಯುವುದೇ ದಂಡ, ಅದರ ಬದಲು ನಾಲ್ಕು ಪುಸ್ತಕ ಕೊಳ್ಳಲಿ” ಎಂದು ನಿಮಗೆ ಅನಿಸಿದರೆ ದಯವಿಟ್ಟು ಸ್ವಲ್ಪ ತಡೆಯಿರಿ. ನನಗೂ ಮೊದಲು ಹಾಗೆಯೇ ಅನಿಸಿತ್ತು. ಆದರೆ ಹಣ ಸಾಲದ ಶಾಲೆಯಲ್ಲಿ ಮೊದಲ ಕತ್ತರಿ ಬೀಳುವುದು ಆಟಕ್ಕೆ. ಆಟದಲ್ಲಿ ಮೊದಲ ಕತ್ತರಿ ಯಾರಿಗೆ ಎಂದು ಬೇರೆ ಹೇಳಬೇಕೇ? ಅಮೆರಿಕದ ಹಲವು ಶಾಲೆಗಳು ಖರ್ಚು ಸರಿದೂಗಿಸಲು, ತಂಡದಲ್ಲಿ ಆಡಬೇಕಾದರೆ ಶುಲ್ಕ ಕೊಡಿ ಎನ್ನತೊಡಗಿದವು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1984ರಲ್ಲೇ ಇಂಥ ಶುಲ್ಕ ತಪ್ಪು ಎಂದು ತೀರ್ಪು ಕೊಟ್ಟಿತ್ತು. ಅದರ ನಂತರವೂ ಶಾಲೆಗಳು ಬೇರೆ ಬೇರೆ ಹೆಸರಲ್ಲಿ ಹಣ ಕೇಳುವುದು ನಿಲ್ಲದೆ, 2012ರಲ್ಲಿ ಮತ್ತೊಂದು ಕಾಯ್ದೆ ಮಾಡಬೇಕಾಯಿತು.

ಹೆಣ್ಣುಮಕ್ಕಳ ಪಾಲಿಗೆ ದೊಡ್ಡ ಬಾಗಿಲು ತೆರೆದದ್ದು 1972ರ ಜೂನ್ 23ರಂದು. ಕೇಂದ್ರ ಸರಕಾರದ ಹಣ ಪಡೆಯುವ ಯಾವುದೇ ಶಿಕ್ಷಣ ಕಾರ್ಯಕ್ರಮದಲ್ಲಿ ಹೆಣ್ಣು ಗಂಡೆಂಬ ಕಾರಣಕ್ಕೆ ಭೇದ ಮಾಡಬಾರದು ಎಂಬ ‘ಟೈಟಲ್ ನೈನ್’ ಕಾನೂನಿಗೆ ಅಂದು ಸಹಿ ಬಿತ್ತು. ಅದರ ಮೂಲ ವಾಕ್ಯದಲ್ಲಿ ‘ಆಟ’ ಎಂಬ ಶಬ್ದವೇ ಇಲ್ಲ! ಆದರೂ ಅದು ಹೆಚ್ಚು ಬದಲಿಸಿದ್ದು ಆಟದ ಮೈದಾನವನ್ನು. 1971-72ರಲ್ಲಿ ಅಮೆರಿಕದ ಹೈಸ್ಕೂಲು ತಂಡಗಳಲ್ಲಿ ಆಡುತ್ತಿದ್ದ ಹುಡುಗಿಯರು ಮೂರು ಲಕ್ಷಕ್ಕೂ ಕಡಿಮೆ. ಇತ್ತೀಚಿನ ವರ್ಷಗಳಲ್ಲಿ ಅದು ಮೂವತ್ತು ಲಕ್ಷ ದಾಟಿದೆ.

ಕಾನೂನು ಬಂದ ಮಾತ್ರಕ್ಕೆ ಎಲ್ಲ ಸರಿಹೋಯಿತೇ? ಕ್ಯಾಲಿಫೋರ್ನಿಯಾದ ಚೂಲಾ ವಿಸ್ಟಾದ ಒಂದು ಹೈಸ್ಕೂಲಿನಲ್ಲಿ ಹುಡುಗರ ಬೇಸ್‌ಬಾಲ್ ಮೈದಾನ ಒಂದು ಚೆಂದ, ಹುಡುಗಿಯರ ಸಾಫ್ಟ್‌ಬಾಲ್ ಮೈದಾನ ಇನ್ನೊಂದು ಚೆಂದ. ಹುಡುಗಿಯರು 2007ರಲ್ಲಿ ಮೊಕದ್ದಮೆ ಹೂಡಿದರು. ಹುಡುಗಿಯರ ಹೆತ್ತವರು ದೂರು ಕೊಟ್ಟ ನಂತರ ಅವರ ತರಬೇತುದಾರನನ್ನೇ ಕೆಲಸದಿಂದ ತೆಗೆದಿದ್ದರು. ಇದು ದೂರಿಗೆ ತೀರಿಸಿದ ಸೇಡು ಎಂದು ನ್ಯಾಯಾಲಯ ಹೇಳಿತು. ಮೇಲ್ಮನವಿಯ ನ್ಯಾಯಾಲಯ 2014ರಲ್ಲಿ ಆ ತೀರ್ಪನ್ನು ಎತ್ತಿಹಿಡಿಯಿತು. ಕೇಸು ಹಾಕಿದಾಗ ಶಾಲೆಯಲ್ಲಿದ್ದ ಹುಡುಗಿಯರು ಅಷ್ಟರಲ್ಲಿ ಶಾಲೆ ಬಿಟ್ಟು ವರ್ಷಗಳಾಗಿದ್ದವು. ಅನುಭವಿಸಿದ್ದು ಅವರ ನಂತರ ಬಂದ ತಂಗಿಯಂದಿರು.

ಈಗ ನಮ್ಮೂರಿಗೆ ಬನ್ನಿ. ನಮ್ಮ ಸರಕಾರಿ ಶಾಲೆಯ ಶಿಕ್ಷಕರ ಸಂಬಳ ಊರಿನ ಮನೆ ತೆರಿಗೆಯನ್ನು ಅವಲಂಬಿಸಿಲ್ಲ, ರಾಜ್ಯದ ಖಜಾನೆಯಿಂದ ಬರುತ್ತದೆ. ಆ ಮಟ್ಟಿಗೆ ನಾವು ಮೇಲು. ಆದರೆ ಸಂಬಳದ ಆಚೆಗಿನದು? ಕಂಪೌಂಡು, ಮೈದಾನ, ರಂಗಮಂದಿರ ಇವೆಲ್ಲ ಬಹಳ ಕಡೆ ನಿಂತಿರುವುದು ದಾನಿಗಳ ಮೇಲೆ, ಹಳೆ ವಿದ್ಯಾರ್ಥಿಗಳ ಮೇಲೆ, ಗಲ್ಫಿನಲ್ಲಿ ದುಡಿಯುವ ಮಕ್ಕಳ ಮೇಲೆ, ಶಾಸಕರ ನಿಧಿಯ ಮೇಲೆ. ಅಂದರೆ ಸಿರಿವಂತ ಊರಿಗೊಂದು ಶಾಲೆ, ಬಡ ಊರಿಗೊಂದು ಶಾಲೆ! ರಂಗಮಂದಿರದ ಮೇಲೆ ಹೆಸರು ಕೆತ್ತಿಸಲು ಜನ ಸಿಗುತ್ತಾರೆ. ಹುಡುಗಿಯರ ಶೌಚಾಲಯದ ಗೋಡೆಗೆ ಹೆಸರು ಹಾಕಿಸಲು ಯಾರು ಬರುತ್ತಾರೆ? ಆ ಶೌಚಾಲಯ ಸರಿಯಿಲ್ಲದಿದ್ದರೆ ದೊಡ್ಡ ಹುಡುಗಿ ಮೈದಾನಕ್ಕೆ ಇಳಿಯುವುದಿಲ್ಲ ಎಂಬುದು ತಾಯಂದಿರಿಗೆ ಗೊತ್ತು.

ಕಾಗದದಲ್ಲಿ ನಮ್ಮ ಹುಡುಗಿಯರಿಗೆ ಕೊರತೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿಯಲ್ಲಿ ಆಟದ ಮೈದಾನವಿದೆ, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಶೌಚಾಲಯವಿದೆ, ಪ್ರತಿ ತರಗತಿಗೂ ಬೇಕಾದಷ್ಟು ಆಟದ ಸಾಮಗ್ರಿ ಕೊಡಬೇಕೆಂದಿದೆ. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆ, ಆಟದ ಸಾಮಗ್ರಿಗೆಂದೇ ವರ್ಷಕ್ಕೆ ಕಿರಿಯ ಪ್ರಾಥಮಿಕ ಶಾಲೆಗೆ 5 ಸಾವಿರ, ಹಿರಿಯ ಪ್ರಾಥಮಿಕ ಶಾಲೆಗೆ 10 ಸಾವಿರ, ಹೈಸ್ಕೂಲಿಗೆ 25 ಸಾವಿರ ರೂಪಾಯಿಯವರೆಗೆ ಅನುದಾನ ಗೊತ್ತುಮಾಡಿತು. ಅಲೆನ್‌ನ ಕೋಟಿಗಳ ಮುಂದೆ ಇದು ಚಿಲ್ಲರೆ. ಆದರೂ ಹತ್ತು ಸಾವಿರದಲ್ಲಿ ಎಷ್ಟು ಸ್ಕಿಪ್ಪಿಂಗ್ ಹಗ್ಗ, ಎಷ್ಟು ಥ್ರೋಬಾಲ್, ಎಷ್ಟು ಶಟ್ಲ್ ಬ್ಯಾಟ್ ಬಂದೀತು, ನೀವೇ ಲೆಕ್ಕ ಹಾಕಿ.

ಈ ಹಣದ ಲೆಕ್ಕ ಕೇಳುವ ಅಧಿಕಾರ ಯಾರಿಗಿದೆ ಎಂದು ನಿಮಗೆ ಗೊತ್ತೇ? ಅದೇ ಕಾಯ್ದೆಯ 21ನೇ ವಿಧಿಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಆ ಸಮಿತಿಯ ಕೆಲಸ. ನಮ್ಮಲ್ಲಿ ಎಸ್‌ಡಿಎಂಸಿ ಎನ್ನುವುದು ಇದನ್ನೇ. ಅರ್ಧ ಸಮಿತಿ ಎಂದರೆ ನೀವು ಮತ್ತು ನಿಮ್ಮ ಪಕ್ಕದ ಮನೆಯವರು.

ನಾನು ಕಲಿತ ಶಾಲೆಯಲ್ಲಿ ಗೇಮ್ಸ್ ಪೀರಿಯಡ್ ಬಂದರೆ ಹುಡುಗರಿಗೆ ಚೆಂಡು, ನಮಗೆ ಮಾವಿನಮರದ ನೆರಳು. ಆಟದ ಸಾಮಾನಿನ ಪೆಟ್ಟಿಗೆ ಹೆಡ್‌ಮಾಸ್ಟ್ರ ಕೋಣೆಯಲ್ಲಿರುತ್ತಿತ್ತು, ಬೀಗದ ಕೈ ಪಿ.ಟಿ. ಮಾಸ್ಟ್ರ ಜೇಬಿನಲ್ಲಿ. ಏಳು ವರ್ಷದಲ್ಲಿ ಅದು ನಮಗಾಗಿ ತೆರೆದದ್ದನ್ನು ನಾನು ನೋಡಿಲ್ಲ. ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ, ಚಹಾ ಕುಡಿದು ಎದ್ದು ಬರುವುದಕ್ಕೆ ಮುಂಚೆ, ನಿಮ್ಮ ಶಾಲೆಯ ಪೆಟ್ಟಿಗೆಯನ್ನೊಮ್ಮೆ ತೆರೆಸಿ ನೋಡಿ. ಅದರೊಳಗೆ ನಿಮ್ಮ ಮಗಳ ಕೈಗೆ ಹೊಂದುವಂಥದ್ದು ಏನೇನಿದೆ ಎಂದು ಎಣಿಸಿ.