ಹೋಗು ಎಂದರೂ ಹೋಗದ ಕಂಪ್ಯೂಟರ್ ವೈರಸ್

ಹೋಟೆಲಿನ ಬಿಲ್ಲಿಂಗ್ ಮೆಶಿನಿಗೆ ಕೊಡುವ ಗಮನವನ್ನು ನಾವು ಮನೆಯ ಕಂಪ್ಯೂಟರಿಗೆ ಕೊಡುವುದಿಲ್ಲ. ಆದರೆ ನಮ್ಮಲ್ಲಿ ಹಲವರ ಟ್ಯಾಲಿ, ಜಿಎಸ್‌ಟಿ, ಬ್ಯಾಂಕಿನ ವ್ಯವಹಾರ ನಡೆಯುವುದು ರಾತ್ರಿ ಗಲ್ಲಾ ಮುಚ್ಚಿ ಬಂದ ಮೇಲೆ ಅದರಲ್ಲಿಯೇ. ಮಕ್ಕಳ ಗೇಮು, ಊರಿನಿಂದ ಬಂದವರ ಪೆನ್‌ಡ್ರೈವು, ಮದುವೆ ಫೋಟೋ ಎಲ್ಲವೂ ಅದರಲ್ಲಿಯೇ. ವೈರಸ್ ಬರಲು ಇನ್ನೇನು ಬೇಕು?

ಬಂದದ್ದು ಸುಲಭದಲ್ಲಿ ಹೋಗುವುದಿಲ್ಲ. ಆಂಟಿವೈರಸ್ ಸ್ಕ್ಯಾನ್ ಮಾಡಿ ತೆಗೆಯುತ್ತೇವೆ, ಮರುದಿನ ಚಾಲೂ ಮಾಡಿದರೆ ಮತ್ತೆ ಅದೇ. ಅಡುಗೆಮನೆಯ ಜಿರಳೆ ಕಂಡ ನಮಗೆ ಕಾರಣ ಹೇಳಬೇಕಾಗಿಲ್ಲ. ಕಟ್ಟೆಯ ಮೇಲೆ ಓಡಾಡುವುದನ್ನು ಹೊಡೆದರೆ ಸಾಲದು, ಗ್ರೈಂಡರಿನ ಅಡಿಯ ಮೊಟ್ಟೆ ಹೋಗಬೇಕು. ವಿಂಡೋಸ್ ಶುರುವಾಗುವಾಗ ವೈರಸ್ಸೂ ಶುರುವಾಗುತ್ತದೆ. ತನ್ನ ಇನ್ನೊಂದು ಪ್ರತಿಯನ್ನು ಬೇರೆಲ್ಲೋ ಅಡಗಿಸಿಟ್ಟಿರುತ್ತದೆ. ಒಂದನ್ನು ಅಳಿಸಿದರೆ ಇನ್ನೊಂದು ಅದನ್ನು ಹುಟ್ಟಿಸುತ್ತದೆ.

2008ರ ನವೆಂಬರಿನಲ್ಲಿ ಬಂದ ಕಾನ್‌ಫಿಕರ್ ಎಂಬುದು ಇಂಥದೇ. ಅದು ವಿಂಡೋಸ್ ಅಪ್‌ಡೇಟನ್ನು ನಿಲ್ಲಿಸುತ್ತಿತ್ತು, ಆಂಟಿವೈರಸ್ ಕಂಪೆನಿಗಳ ಸೈಟು ತೆರೆಯದಂತೆ ತಡೆಯುತ್ತಿತ್ತು, ಪೆನ್‌ಡ್ರೈವಿನಲ್ಲಿ ಕುಳಿತು ಮನೆಯಿಂದ ಮನೆಗೆ ಹೋಗುತ್ತಿತ್ತು. ಅದನ್ನು ಬಿಟ್ಟವರ ಸುಳಿವು ಕೊಟ್ಟವರಿಗೆ ಮೈಕ್ರೋಸಾಫ್ಟ್ 2009ರಲ್ಲಿ ಎರಡೂವರೆ ಲಕ್ಷ ಡಾಲರ್ ಬಹುಮಾನ ಸಾರಿತು. ಮದ್ದಿನ ಅಂಗಡಿಗೆ ಹೋಗುವ ದಾರಿಯನ್ನೇ ಮುಚ್ಚುವ ರೋಗ!

ಆದ್ದರಿಂದ ವಿಂಡೋಸಿನ ಒಳಗೆ ಕುಳಿತು ಇದರೊಡನೆ ಹೋರಾಡಿ ಫಲವಿಲ್ಲ. ಮೊದಲು ನೆಟ್ ವಯರ್ ಕಿತ್ತು, ವೈಫೈ ಬಂದ್ ಮಾಡಬೇಕು. ಬ್ಯಾಂಕಿನ ಮತ್ತು ಇ-ಮೇಲಿನ ಪಾಸ್‌ವರ್ಡುಗಳನ್ನು ಆ ಕಂಪ್ಯೂಟರಿನಲ್ಲಿ ಅಲ್ಲ, ಮೊಬೈಲಿನಲ್ಲಿ ಬದಲಿಸಬೇಕು. ಟೈಪ್ ಮಾಡಿದ್ದನ್ನೆಲ್ಲ ಕದ್ದು ಕಳುಹಿಸುವ ವೈರಸ್‌ಗಳಿವೆ, ಹೊಸ ಪಾಸ್‌ವರ್ಡೂ ಅದರ ಕೈಗೇ ಹೋದೀತು. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೆ ಮತ್ತು 1930ಕ್ಕೆ ಫೋನ್ ಮಾಡಬೇಕು.

ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಎಂಬುದಿದೆ. ವಿಂಡೋಸ್ ಸೆಕ್ಯೂರಿಟಿ ತೆರೆದು ಸ್ಕ್ಯಾನ್ ಆಪ್ಶನ್ಸ್‌ನಲ್ಲಿ ನೋಡಿದರೆ ಸಿಗುತ್ತದೆ. ಕೆಲಸವನ್ನೆಲ್ಲ ಸೇವ್ ಮಾಡಿ ಒತ್ತಿದರೆ ಕಂಪ್ಯೂಟರ್ ರಿಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ತಪಾಸಣೆ ಮಾಡುತ್ತದೆ. ಸುಮಾರು 15 ನಿಮಿಷ. ವೈರಸ್ ಮಲಗಿರುವಾಗ ಹಿಡಿಯುವ ಉಪಾಯವಿದು. ಹಣ ಕೊಟ್ಟು ತಂದ ಆಂಟಿವೈರಸ್ ಮಾಡದ್ದನ್ನು ಈ ಪುಕ್ಕಟೆ ಸ್ಕ್ಯಾನ್ ಮಾಡಿದ್ದನ್ನು ನಾವು ಮನೆಯಲ್ಲೇ ಕಂಡಿದ್ದೇವೆ. ಆಮೇಲೆ ಸೇಫ್ ಮೋಡ್‌ನಲ್ಲಿ ಇನ್ನೊಂದು ಕಂಪೆನಿಯ ಸ್ಕ್ಯಾನರಿನಿಂದ ಒಮ್ಮೆ ನೋಡಿದರೆ ಒಳ್ಳೆಯದು. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಸೈಟಿನಲ್ಲಿಯೂ ಉಚಿತ ಉಪಕರಣಗಳಿವೆ. ಆದರೆ ಎರಡು ಆಂಟಿವೈರಸ್ ಖಾಯಂ ಆಗಿ ಇಡಬಾರದು. ಒಂದೇ ಒಲೆಗೆ ಇಬ್ಬರು ಭಟ್ಟರಾದರೆ ಏನಾಗುತ್ತದೆಂದು ನಮಗೆ ಗೊತ್ತಿದೆ.

ಪೆನ್‌ಡ್ರೈವಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡರೆ ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ. ಸಾಮಾನ್ಯವಾಗಿ ಫೈಲುಗಳು ಅಲ್ಲೇ ಇರುತ್ತವೆ, ಹಿಡನ್ ಆಗಿರುತ್ತವೆ ಅಷ್ಟೆ. ಶಾರ್ಟ್‌ಕಟ್ ಮೇಲೆ ಕ್ಲಿಕ್ ಮಾಡದೆ, ಮೊದಲು ಸ್ಕ್ಯಾನ್ ಮಾಡಿ, ಆಮೇಲೆ ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆ ಒತ್ತಿ.

ಇಷ್ಟಾದರೂ ಮೂರನೆಯ ಸಲ ಬಂತೆಂದರೆ ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದೇ ಸರಿ. ವಾರಗಟ್ಟಲೆ ಒದ್ದಾಡುವುದಕ್ಕಿಂತ ಒಂದು ದಿನದ ಕೆಲಸ ವಾಸಿ. ಟ್ಯಾಲಿ ಡಾಟಾ, ಎಕ್ಸೆಲ್ ಶೀಟು, ಫೋಟೋಗಳನ್ನು ಮಾತ್ರ ಬ್ಯಾಕಪ್ ತೆಗೆಯಿರಿ, ಪ್ರೋಗ್ರಾಂ ಫೈಲುಗಳನ್ನು ಬೇಡ. ಟ್ಯಾಲಿ ಲೈಸೆನ್ಸ್ ಮೊದಲೇ ಸರೆಂಡರ್ ಮಾಡಿಕೊಳ್ಳಿ. ಕ್ರ್ಯಾಕ್ ಮಾಡಿದ ವಿಂಡೋಸ್ ಸಾವಿರ ರೂಪಾಯಿಗೆ ಹಾಕಿಕೊಡುತ್ತೇನೆ ಎಂಬ ರಿಪೇರಿಯವನನ್ನು ಚಹಾ ಕೊಟ್ಟು ಕಳುಹಿಸಿ. ಆ ಕ್ರ್ಯಾಕಿನಲ್ಲಿಯೇ ಹೊಸ ವೈರಸ್ ಇರಬಹುದು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರಿಗೆ ತಾಳುವುದಾದರೆ 11ನ್ನೇ ಹಾಕಿಸಿ. ಬ್ಯಾಕಪ್ ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡದೆ ಹೊಸ ವಿಂಡೋಸಿನಲ್ಲಿ ತೆರೆಯಬೇಡಿ.