ಗೆಳತಿಯ ಗಂಡನ ಮಾನ ಉಳಿಸಿದ ಹೆಣಿಗೆಯಜ್ಜಿ

ಇಂಗ್ಲೆಂಡಿನ ಒಂದು ಹಳ್ಳಿ. ಹೆಸರು ಸೇಂಟ್ ಮೇರಿ ಮೀಡ್. ಅಲ್ಲಿನ ದೊಡ್ಡ ಮನೆ ಗಾಸಿಂಗ್ಟನ್ ಹಾಲ್. ಮನೆಯ ಯಜಮಾನಿ ಡಾಲಿ ಬಾಂಟ್ರಿ ಬೆಳಗಿನ ಸಿಹಿ ನಿದ್ದೆಯಲ್ಲಿದ್ದಾಳೆ. ಕೆಲಸದ ಹುಡುಗಿ ಓಡಿ ಬಂದು, ಕೆಳಗಿನ ಲೈಬ್ರರಿ ಕೋಣೆಯಲ್ಲಿ ಹೆಣ ಬಿದ್ದಿದೆ ಎಂದು ಬಿಕ್ಕುತ್ತಾ ಹೇಳುತ್ತಾಳೆ. ಡಾಲಿ ಗಂಡನನ್ನು ಅಲುಗಾಡಿಸಿ ಎಬ್ಬಿಸಿದರೆ ಕರ್ನಲ್ ಸಾಹೇಬರು ನಂಬುವುದೇ ಇಲ್ಲ. ರಾತ್ರಿಯೆಲ್ಲ ಪತ್ತೇದಾರಿ ಕಾದಂಬರಿ ಓದಿದ ಫಲ, ನಿನಗೆ ಕನಸು ಬಿದ್ದಿದೆ ಎಂದು ಹೆಂಡತಿಯನ್ನೇ ಗದರಿಸುತ್ತಾರೆ! ಕೆಳಗೆ ಹೋಗಿ ನೋಡಿದರೆ ನಿಜಕ್ಕೂ ಹೆಣ. ಬಿಳಿ ಸ್ಯಾಟಿನ್ ಉಡುಪು, ಮುಖದ ತುಂಬ ಬಣ್ಣ, ಹೊಂಬಣ್ಣದ ಕೂದಲಿನ ಒಬ್ಬ ತರುಣಿ. ಮನೆಯವರು ಯಾರೂ ಅವಳನ್ನು ಕಂಡವರಲ್ಲ.

ಪೊಲೀಸರಿಗೆ ಫೋನ್ ಹೋಯಿತು. ಡಾಲಿ ಇನ್ನೊಂದು ಫೋನ್ ಮಾಡಿದಳು, ಹಳ್ಳಿಯಲ್ಲಿ ಒಂಟಿಯಾಗಿದ್ದ, ಮದುವೆಯಾಗದ ಮುದುಕಿ ಜೇನ್ ಮಾರ್ಪಲ್‌ಗೆ. ಕರೆತರಲು ಕಾರನ್ನೂ ಕಳಿಸಿದಳು.

1942ರಲ್ಲಿ ಬಂದ ಅಗಾಥಾ ಕ್ರಿಸ್ಟಿಯವರ ‘ದ ಬಾಡಿ ಇನ್ ದ ಲೈಬ್ರರಿ’ ಕಾದಂಬರಿ ಶುರುವಾಗುವುದು ಹೀಗೆ. ಪತ್ತೇದಾರಿ ಕಥೆ ಎಂದರೆ ನಮ್ಮ ಪೀಳಿಗೆಯವರಿಗೆ ನೆನಪಾಗುವವನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಅವನ ಸಾಹಸ ಓದುತ್ತ ಊಟ ಮರೆತವರು ನಮ್ಮಲ್ಲಿ ಬಹಳ ಮಂದಿ. ಆದರೆ ಮಿಸ್ ಮಾರ್ಪಲ್ ಕೈಯಲ್ಲಿ ಪಿಸ್ತೂಲೂ ಇಲ್ಲ, ಅಧಿಕಾರವೂ ಇಲ್ಲ. ಇರುವುದು ಎರಡು ಹೆಣಿಗೆ ಕಡ್ಡಿ, ಒಂದು ಉಣ್ಣೆಯ ಉಂಡೆ. ಜೊತೆಗೆ ಒಬ್ಬ ಗೆಳತಿ.

ಲೈಬ್ರರಿಯಲ್ಲಿ ಹೆಣ ಎನ್ನುವುದು ಆಗಿನ ಪತ್ತೇದಾರಿ ಪುಸ್ತಕಗಳಲ್ಲಿ ಸವೆದುಹೋದ ಸಂಗತಿ. ಅದನ್ನೇ ಹೊಸದಾಗಿ ಬರೆಯಬೇಕೆಂದು ಕ್ರಿಸ್ಟಿ ತಾವೇ ಒಂದು ಷರತ್ತು ಹಾಕಿಕೊಂಡರಂತೆ. ಲೈಬ್ರರಿ ಎಷ್ಟು ಸಂಪ್ರದಾಯಸ್ಥವೋ, ಹೆಣ ಅಷ್ಟೇ ಅಸಂಭವವಾಗಿರಬೇಕು. ಸಮುದ್ರತೀರದ ಹೋಟೆಲೊಂದರಲ್ಲಿ ಗಾಲಿಕುರ್ಚಿಯಲ್ಲಿದ್ದ ಒಬ್ಬ ವೃದ್ಧರನ್ನೂ ಅವರ ಜೊತೆಗಿದ್ದ ಕಿರಿಯರನ್ನೂ ಕಂಡಾಗ ಕಥೆಯ ಉಳಿದ ಭಾಗ ಹೊಳೆಯಿತೆಂದು ಅವರೇ ಮುನ್ನುಡಿಯಲ್ಲಿ ಹೇಳಿದ್ದಾರೆ.

ಕಥೆಯಲ್ಲಿ ಸತ್ತವಳು ರೂಬಿ ಕೀನ್ ಎಂದು ಗೊತ್ತಾಗುತ್ತದೆ. ಡೇನ್‌ಮತ್ ಎಂಬ ಕಡಲೂರಿನ ಮೆಜೆಸ್ಟಿಕ್ ಹೋಟೆಲಿನಲ್ಲಿ ಅತಿಥಿಗಳೊಡನೆ ನರ್ತಿಸುವುದು ಅವಳ ಕೆಲಸ. ಅಲ್ಲಿ ತಂಗಿದ್ದ ಕಾನ್ವೇ ಜೆಫರ್ಸನ್ ಎಂಬ ಶ್ರೀಮಂತ, ವಿಮಾನ ಅಪಘಾತದಲ್ಲಿ ಹೆಂಡತಿ, ಮಗ, ಮಗಳು ಮೂವರನ್ನೂ ಕಳೆದುಕೊಂಡು ಗಾಲಿಕುರ್ಚಿಗೆ ಅಂಟಿದವನು. ಅವನಿಗೆ ರೂಬಿಯ ಮೇಲೆ ಮಮತೆ. ಅವಳನ್ನು ದತ್ತು ತೆಗೆದುಕೊಳ್ಳುವ ಯೋಚನೆ. ಆಸ್ತಿ ಇದ್ದಲ್ಲಿ ಏನೇನು ಹುಟ್ಟುತ್ತದೆ ಎಂದು ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕುಳಿತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಖಾತೆದಾರರು ಹೋದ ಮಾರನೆಯ ದಿನವೇ ಪಾಸ್‌ಬುಕ್ ಹಿಡಿದು ಬರುವವರನ್ನು ಕಂಡವನು ನಾನು.

ಆದರೆ ಈ ಪುಸ್ತಕ ನನಗೆ ಹಿಡಿಸಿದ್ದು ಕೊಲೆಯ ಒಗಟಿಗಾಗಿ ಮಾತ್ರ ಅಲ್ಲ. ಮೊದಲ ದಿನ ಡಾಲಿಗೆ ಇದೆಲ್ಲ ಒಂದು ರೋಮಾಂಚನ. ಪುಸ್ತಕದಲ್ಲಿ ಓದುತ್ತಿದ್ದದ್ದು ಮನೆಯಲ್ಲೇ ನಡೆದಿದೆಯಲ್ಲ! ಗೆಳತಿ ಜೇನ್ ಮಾತ್ರ ಮುಂದಿನದನ್ನು ಆಗಲೇ ಕಂಡಿದ್ದಾಳೆ. ಹಳ್ಳಿಯಲ್ಲಿ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತ ಬೆಳೆಯುತ್ತದೆ. ಹೆಣ ಸಿಕ್ಕಿದ್ದು ಕರ್ನಲ್ ಮನೆಯಲ್ಲಿ, ಸತ್ತವಳು ಹರೆಯದ ಹುಡುಗಿ, ಇಷ್ಟು ಸಾಕಲ್ಲ. ನಾಲ್ಕು ಮನೆ ದಾಟುವಷ್ಟರಲ್ಲಿ ಆ ಸಜ್ಜನನ ಹೆಸರು ಕೆಟ್ಟುಹೋಗುತ್ತದೆ. ಊಟಕ್ಕೆ ಕರೆದಿದ್ದವರು ಏನೋ ನೆಪ ಹೇಳಿ ಮುಂದೂಡುತ್ತಾರೆ. ಎದುರು ಸಿಕ್ಕವರು ಮುಖ ತಿರುಗಿಸುತ್ತಾರೆ. ಕರ್ನಲ್ ಬಾಂಟ್ರಿ ಯಾರನ್ನೂ ಬೈಯುವುದಿಲ್ಲ. ಸುಮ್ಮನೆ ಮಂಕಾಗುತ್ತ ಹೋಗುತ್ತಾರೆ. ಗಂಡನ ಆ ಸ್ಥಿತಿ ಕಂಡಾಗಲೇ ಡಾಲಿಗೆ ಇದು ಆಟವಲ್ಲ ಎಂದು ಅರಿವಾಗುವುದು. ಕೊಲೆಗಾರ ಸಿಗದೇ ಹೋದರೆ ಪೊಲೀಸರ ಕಡತ ಮುಚ್ಚಬಹುದು, ಆದರೆ ಊರಿನ ಸಂಶಯ ಮುಚ್ಚುವುದಿಲ್ಲ. ಜೇನ್ ಹೋರಾಡುವುದು ಇದಕ್ಕಾಗಿ.

ಹಾಗಾದರೆ ಈ ಅಜ್ಜಿ ಪತ್ತೆ ಮಾಡುವುದು ಹೇಗೆ? ಭೂತಗನ್ನಡಿಯಿಂದಲ್ಲ. ಹಳ್ಳಿಯಲ್ಲಿ ಬದುಕೆಲ್ಲ ಕಂಡ ಮನುಷ್ಯರ ನೆನಪಿನಿಂದ. ಯಾವುದೋ ವಿಷಯಕ್ಕೆ ಅವಳಿಗೆ ಟಾಮಿ ಬಾಂಡ್ ಎಂಬ ತುಂಟ ಹುಡುಗ ನೆನಪಾಗುತ್ತಾನೆ. ಹೊಸ ಮೇಡಂ ಗಡಿಯಾರಕ್ಕೆ ಕೀಲಿ ಕೊಡಲು ಹೋದರೆ ಒಳಗಿಂದ ಕಪ್ಪೆ ಚಂಗನೆ ಹಾರಿತು! ಕೇಳಿದ ಪೊಲೀಸರಿಗೆ ಮುದುಕಿಯ ತಲೆ ಕೆಟ್ಟಿದೆ ಎನಿಸುತ್ತದೆ. ಕಪ್ಪೆಗೂ ಕೊಲೆಗೂ ಏನು ಸಂಬಂಧ ಎಂಬುದನ್ನು ನಾನು ಹೇಳಿಬಿಟ್ಟರೆ ಓದುವ ರುಚಿ ಹೋದೀತು.

ಎರಡನೆಯದು, ಸಣ್ಣ ವ್ಯತ್ಯಾಸವನ್ನು ಬಿಡದೆ ಹಿಡಿಯುವುದು. ಅಷ್ಟು ಅಲಂಕಾರ ಮಾಡಿಕೊಂಡ ಹುಡುಗಿಯ ಉಗುರುಗಳು ಕಚ್ಚಿದಂತೆ ಮೊಂಡಾಗಿದ್ದವೇಕೆ? ಉಡುಪು ಹಳೆಯದೇಕೆ? ಎಲ್ಲರೂ ನೋಡಿದ್ದರು, ಲೆಕ್ಕಕ್ಕೆ ತೆಗೆದುಕೊಂಡವಳು ಇವಳೊಬ್ಬಳೇ. ನಮ್ಮ ಕಾಲದ ಬ್ಯಾಂಕುಗಳಲ್ಲಿ ಕಂಪ್ಯೂಟರ್ ಇರಲಿಲ್ಲ. ಸಂಜೆ ಲೆಡ್ಜರ್ ತಾಳೆಯಾಗದೆ ಒಂದು ರೂಪಾಯಿ ವ್ಯತ್ಯಾಸ ಬಂದರೂ ಮನೆಗೆ ಹೋಗುವಂತಿರಲಿಲ್ಲ. ಹೋಗಲಿ ಬಿಡಿ, ನಾನೇ ಜೇಬಿನಿಂದ ಹಾಕುತ್ತೇನೆ ಎಂದರೆ ಹಿರಿಯರು ಒಪ್ಪುತ್ತಿರಲಿಲ್ಲ. ಆ ಒಂದು ರೂಪಾಯಿಯ ಹಿಂದೆ ಒಂದು ಸಾವಿರ ಹೆಚ್ಚು, ಒಂಬೈನೂರ ತೊಂಬತ್ತೊಂಬತ್ತು ಕಡಿಮೆ ಅಡಗಿರಬಹುದು. ಮಾರ್ಪಲ್ ಅಜ್ಜಿಯ ಶಾಸ್ತ್ರವೂ ಇದೇ.

ಮಕ್ಕಳು ಗಮನಿಸಬೇಕಾದ ಪ್ರಸಂಗವೊಂದಿದೆ. ಅದೇ ದಿನಗಳಲ್ಲಿ ಪಮೇಲಾ ರೀವ್ಸ್ ಎಂಬ ಹದಿನಾರರ ಗರ್ಲ್ ಗೈಡ್ ಹುಡುಗಿ ಕಾಣೆಯಾಗುತ್ತಾಳೆ. ಅವಳ ಗೆಳತಿಯರನ್ನು ವಿಚಾರಿಸಿದರೆ ಎಲ್ಲರದೂ ಒಂದೇ ಉತ್ತರ, ಏನೂ ಗೊತ್ತಿಲ್ಲ. ಪ್ರಶ್ನೆ ಮುಗಿದು ಹುಡುಗಿಯರು ಹೊರಡುವ ರೀತಿಯನ್ನು ನೋಡಿಯೇ ಮಿಸ್ ಮಾರ್ಪಲ್ ಒಬ್ಬಳನ್ನು ಗುರುತಿಸುತ್ತಾಳೆ. ಗೆಳತಿಗೆ ಕೊಟ್ಟ ಮಾತಿಗಾಗಿ ಅವಳು ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಸ್ನೇಹವೆಂದರೆ ಗುಟ್ಟು ಕಾಪಾಡುವುದು, ನಿಜ. ಆದರೆ ಗೆಳತಿಗೆ ಅಪಾಯ ಎಂದಾಗ ದೊಡ್ಡವರಿಗೆ ಹೇಳುವುದೂ ಸ್ನೇಹವೇ. ಮನೆಯಲ್ಲಿ ಮಕ್ಕಳ ಜೊತೆ ಕುಳಿತು ಮಾತನಾಡಬೇಕಾದ ವಿಷಯವಿದು.

ಡಾಲಿ-ಜೇನ್ ಸ್ನೇಹ ಒಂದೇ ಪುಸ್ತಕದಲ್ಲಿ ಮುಗಿಯುವುದಿಲ್ಲ. 1932ರ ‘ದ ಥರ್ಟೀನ್ ಪ್ರಾಬ್ಲೆಮ್ಸ್’ ಸಂಕಲನದಲ್ಲಿ ಬಾಂಟ್ರಿಯವರ ಮನೆಯ ಔತಣಕ್ಕೆ ಮಿಸ್ ಮಾರ್ಪಲ್‌ಳನ್ನೂ ಕರೆಯಿರಿ ಎಂದು ನಿವೃತ್ತ ಪೊಲೀಸ್ ಅಧಿಕಾರಿ ಸರ್ ಹೆನ್ರಿ ಹೇಳಿದಾಗ ಡಾಲಿಗೆ ಆಶ್ಚರ್ಯವಾಗಿತ್ತು. ಆ ಮುದುಕಿಯನ್ನೇ ಎಂದು! 1962ರ ‘ದ ಮಿರರ್ ಕ್ರ್ಯಾಕ್ಡ್ ಫ್ರಮ್ ಸೈಡ್ ಟು ಸೈಡ್’ ಹೊತ್ತಿಗೆ ಕರ್ನಲ್ ತೀರಿಕೊಂಡಿದ್ದಾರೆ. ದೊಡ್ಡ ಮನೆ ಸಿನಿಮಾ ತಾರೆಯ ಪಾಲಾಗಿದೆ. ಡಾಲಿ ಅದರ ಗೇಟಿನ ಪಕ್ಕದ ಸಣ್ಣ ಮನೆಯಲ್ಲಿದ್ದಾಳೆ. ಜೇನ್‌ಗೆ ತೋಟದ ಕೆಲಸ ಬೇಡವೆಂದು ವೈದ್ಯರ ಕಟ್ಟಪ್ಪಣೆ, ಹೆಣಿಗೆಯಲ್ಲೂ ಕಣ್ಣಿ ತಪ್ಪುತ್ತಿದೆ. ನೋಡಿಕೊಳ್ಳಲು ಬಂದವಳು ಮಗುವನ್ನು ರಮಿಸಿದಂತೆ ಮಾತನಾಡಿಸುತ್ತಾಳೆ. ಮತ್ತೆ ಕೊಲೆಯಾದಾಗ ಡಾಲಿ ನೇರ ಗೆಳತಿಯ ಮನೆಗೆ ಬಂದು ಕಣ್ಣಾರೆ ಕಂಡದ್ದನ್ನೆಲ್ಲ ಬಿಡಿಸಿ ಹೇಳುತ್ತಾಳೆ. ಒಬ್ಬಳು ಕಣ್ಣು, ಇನ್ನೊಬ್ಬಳು ಬುದ್ಧಿ. ವಯಸ್ಸಾದವರಿಗೆ ಔಷಧಿ ಕೊಡುವವರು ಸಿಗುತ್ತಾರೆ, ನಿನ್ನ ಅಭಿಪ್ರಾಯವೇನು ಎಂದು ಕೇಳುವವರು ಸಿಗುವುದು ಕಷ್ಟ. ಡಾಲಿ ಕೇಳುತ್ತಾಳೆ. ಎಪ್ಪತ್ತು ದಾಟಿದ ನನಗೆ ಅದರ ಬೆಲೆ ಗೊತ್ತು.

1890ರಲ್ಲಿ ಹುಟ್ಟಿದ ಕ್ರಿಸ್ಟಿ ಮಿಸ್ ಮಾರ್ಪಲ್‌ಳನ್ನು ನಾಯಕಿಯಾಗಿಸಿ ಹನ್ನೆರಡು ಕಾದಂಬರಿ ಬರೆದರು. ತಮ್ಮ ಅಜ್ಜಿಯ ಗೆಳತಿಯರಂಥ ಮುದುಕಿಯರೇ ಈ ಪಾತ್ರಕ್ಕೆ ಮೂಲ ಎಂದು ಆತ್ಮಕಥೆಯಲ್ಲಿ ನೆನೆದಿದ್ದಾರೆ. ಅಂದರೆ ಮೂಲೆಯಲ್ಲಿ ಕುಳಿತು ಕಾಲುಚೀಲ ಹೆಣೆಯುತ್ತಿದ್ದವರನ್ನು ಪುಟ್ಟ ಅಗಾಥಾ ಕಿವಿಗೊಟ್ಟು ಕೇಳಿಸಿಕೊಂಡಿದ್ದಳು.

ಹನ್ನೆರಡು-ಹದಿಮೂರು ದಾಟಿದ ಮಕ್ಕಳು ದೊಡ್ಡವರ ಜೊತೆ ಕುಳಿತು ಈ ಪುಸ್ತಕ ಓದಬಹುದು. ಕೊನೆಯ ಎರಡು ಅಧ್ಯಾಯಕ್ಕೆ ಮುಂಚೆ ನಿಲ್ಲಿಸಿ, ಅಪರಾಧಿ ಯಾರೆಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದು ಮಡಚಿಡಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರ ಕೈಗೂ ಒಂದು ಚೀಟಿ ಕೊಡಿ. ಗೆಲ್ಲುವುದು ಅವರೇ ಆದರೆ ಆಶ್ಚರ್ಯಪಡಬೇಡಿ.